ಬ್ಯಾರಿಸ್ಟರಮ್ಮ ಕಟಕಟೆ ಹತ್ತಿದ್ದು

ಪೊಲೀಸ್ ಇಲಾಖೆಯಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ದುಡಿದು ಡೆಪ್ಯುಟಿ ಕಮಿಷನರ್ ಆಗಿ ನಿವೃತ್ತಳಾದರೂ ಆಕೆಯನ್ನು ಅಲ್ಲಿ ಯಾರೂ ತಮ್ಮವಳು ಎಂದು ಒಪ್ಪಲಿಲ್ಲ. ಎದುರಿಗೆ ಮೇಡಂ, ಬೆನ್ನ ಹಿಂದೆ ಬ್ಯಾರಿಸ್ಟರಮ್ಮ. ಅತ್ತ ವಕೀಲರ ಸಂಘದಲ್ಲಿ ಆಕೆಗಿದ್ದ ಹೆಸರು ಇನ್ನೂ ಚಿಕ್ಕದು. ಅಲ್ಲಿ ಆಕೆ ಬರೀ ‘ಪೊಲೀಸು’. ಆಕೆ ದೂರದಲ್ಲಿ ಬರುವುದು ಕಂಡರೆ ಯಾರಾದರೂ ‘ಪೊಲೀಸು ಬಂತು’ ಎನ್ನುವರು. ಮಾತು ಅಲ್ಲಿಗೆ ನಿಂತು ಎಲ್ಲರಿಗೂ ಒಮ್ಮೆಲೇ ಕಾಗದ ಪತ್ರಗಳ ನೆನಪಾಗುವುದು.

ಆಕೆಯ ಅಪ್ಪ ಕೋರ್ಟಿನಲ್ಲಿ ಬೆಂಚ್ ಕ್ಲಾರ್ಕ್. ನ್ಯಾಯಾಧೀಶರ ಪೀಠದ ಕೆಳಗೆ, ಅವರ ಪಾದದ ಮಟ್ಟಕ್ಕೆ ತನ್ನ ತಲೆ ಬರುವಂತೆ ಹಾಕಿದ ಮೇಜಿನ ಮುಂದೆ ಕೂತು ಜೀವಮಾನವಿಡೀ ಕೇಸುಗಳ ನಂಬರು ಕೂಗಿದವನು. ಮನೆಯಲ್ಲೂ ಅವನದು ಅದೇ ಧಾಟಿ. ಊಟಕ್ಕೆ ಕರೆಯುವಾಗ ಮಗಳ ಹೆಸರನ್ನು ಮೂರು ಸಲ ಕೂಗುವನು. ಮೂರನೆಯ ಸಲಕ್ಕೂ ಅವಳು ಪುಸ್ತಕ ಬಿಟ್ಟು ಏಳದಿದ್ದರೆ ‘ಗೈರುಹಾಜರಿ’ ಎಂದು ಘೋಷಿಸಿ ತಟ್ಟೆ ಮುಚ್ಚಿಡುವನು. ತಾಯಿ ಇಲ್ಲದ ಮನೆ, ಇಬ್ಬರೇ ಜನ. ಮಗಳು ಕಪ್ಪು ಗೌನು ತೊಟ್ಟು ತನ್ನ ಮೇಜಿನ ಆಚೆ ಕಡೆ ನಿಲ್ಲಬೇಕು ಎನ್ನುವುದು ಬಿಟ್ಟರೆ ಅವನಿಗೆ ಬೇರೆ ಆಸೆಯೇ ಇರಲಿಲ್ಲ.

ಅದು ಕೈಗೂಡಿತು. ಆಕೆ ಬ್ಯಾರಿಸ್ಟರ್ ಆಗಿ ಮೊದಲ ಸಲ ಆ ಕೋರ್ಟಿನಲ್ಲಿ ಎದ್ದು ನಿಂತ ದಿನ ಅಪ್ಪ ನಂಬರು ಕೂಗಿ, ತಲೆ ಎತ್ತದೆ ಬರೆಯುತ್ತಾ ಕೂತಿದ್ದ. ಆಕೆ ವಾದ ಮುಗಿಸಿ ಕುಳಿತ ಮೇಲೆ ಮುಂದಿನ ಕೇಸಿನ ಬದಲು ಅದೇ ಕೇಸಿನ ನಂಬರನ್ನು ಇನ್ನೊಮ್ಮೆ ಕೂಗಿಬಿಟ್ಟ. ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ಕೆಳಗೆ ಇಣುಕಿ ನಕ್ಕರು.

ಗಂಡನೂ ವಕೀಲನೇ, ಕಾಲೇಜಿನಲ್ಲಿ ಆಕೆಯ ಓರಗೆಯವನು. ಇಬ್ಬರದೂ ಒಂದೇ ಕಚೇರಿ, ಕಿಟಕಿಯ ಎರಡು ಮಗ್ಗುಲಿಗೆ ಎರಡು ಮೇಜು. ಅವನದು ಆಸ್ತಿ ವ್ಯಾಜ್ಯ, ಆಕೆಯದು ಕ್ರಿಮಿನಲ್. ತನ್ನ ಕಕ್ಷಿಗಾರರು ತಾವು ಸತ್ತ ಮೇಲೂ ಮಕ್ಕಳ ರೂಪದಲ್ಲಿ ಬರುತ್ತಾರೆ, ಹೆಂಡತಿಯ ಕಕ್ಷಿಗಾರರು ಬಿಡುಗಡೆಯಾದ ದಿನವೇ ಬೀದಿ ಬದಲಾಯಿಸುತ್ತಾರೆ ಎಂದು ಅವನು ಗೆಳೆಯರ ಮುಂದೆ ತಮಾಷೆ ಮಾಡುತ್ತಿದ್ದ. ಮಾತುಗಾರ. ಎಲ್ಲರಿಗೂ ಬೇಕಾದವನು. ಆಕೆಯದು ಮಾತು ಕಡಿಮೆ. ಆದರೆ ಪಾಟೀಸವಾಲಿಗೆ ಎದ್ದು ನಿಂತರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸುಳ್ಳನ್ನು ಎಳೆದು ಹೊರಗಿಡುವಳು. ದನಿ ಏರಿಸುವವಳಲ್ಲ. ಸಾಕ್ಷಿ ಹೇಳಲು ಬಂದ ಪೊಲೀಸರು ಮೊದಲು ವಿಚಾರಿಸುತ್ತಿದ್ದುದೇ ಎದುರಿಗೆ ಯಾರು ಎಂದು. ಬ್ಯಾರಿಸ್ಟರಮ್ಮ ಎಂದು ಗೊತ್ತಾದರೆ ಮೊಗಸಾಲೆಯಲ್ಲಿ ನಿಂತೇ ಎರಡು ಲೋಟ ನೀರು ಕುಡಿಯುವರು.

ಆ ದಿನಗಳಲ್ಲಿ ಆಕೆಯ ಕೈಗೆ ಬಂದದ್ದು ಒಬ್ಬ ಇಸ್ತ್ರಿ ಅಂಗಡಿಯವನ ಕೇಸು. ಪಕ್ಕದ ಗೋದಾಮಿಗೆ ಬೆಂಕಿ ಇಟ್ಟನೆಂದು ಅವನನ್ನು ಹಿಡಿದಿದ್ದರು. ಅವನೇ ತಪ್ಪೊಪ್ಪಿಕೊಂಡಿದ್ದಾನೆ ಎಂದು ಹೇಳಿಕೆಯನ್ನೂ ಹಾಜರುಪಡಿಸಿದ್ದರು. ತನಿಖೆ ಮಾಡಿದ ಇನ್ಸ್‌ಪೆಕ್ಟರ್ ಆರಡಿ ಮೀರಿದ ಆಳು. ಅಳುವ ಮಕ್ಕಳನ್ನು ಸುಮ್ಮನಾಗಿಸಲು ತಾಯಂದಿರು ಅವನ ಕಡೆ ಬೆರಳು ತೋರಿಸುತ್ತಿದ್ದರಂತೆ. ಅದರಿಂದ ಇಲಾಖೆಯಲ್ಲಿ ಅವನಿಗೆ ಗುಮ್ಮಣ್ಣ ಎಂದು ಹೆಸರು ಬಿದ್ದಿತ್ತು. ಆಕೆ ಆ ಗುಮ್ಮಣ್ಣನನ್ನು ಬೆಳಗಿನಿಂದ ಸಂಜೆಯವರೆಗೆ ಕಟಕಟೆಯಲ್ಲಿ ನಿಲ್ಲಿಸಿದಳು. ಇಸ್ತ್ರಿಯವನನ್ನು ಠಾಣೆಗೆ ಕರೆತರುವ ಮುಂಚೆಯೇ ಅವನ ಹೇಳಿಕೆ ತಯಾರಾಗಿತ್ತು ಎನ್ನುವುದು ಗುಮ್ಮಣ್ಣನ ಬಾಯಿಂದಲೇ ಹೊರಬಿತ್ತು. ಇಸ್ತ್ರಿಯವನು ಬಿಡುಗಡೆಯಾದ. ಹಿರಿಯ ವಕೀಲರು ಬಂದು ಆಕೆಯ ಕೈ ಕುಲುಕಿದರು.

ಕೋರ್ಟಿನ ಮೆಟ್ಟಿಲ ಮೇಲೆ ಇಸ್ತ್ರಿಯವನು ಆಕೆಗಾಗಿ ಕಾದಿದ್ದ. ಧನ್ಯವಾದ ಹೇಳಲಿಕ್ಕೆಂದು ಆಕೆ ತಿಳಿದಳು. ಅವನ ಬಲಗೈಯ ಬೆರಳುಗಳು ಠಾಣೆಯಲ್ಲಿ ಮುರಿದು, ಸೊಟ್ಟಗೆ ಕೂಡಿಕೊಂಡು, ಏನನ್ನೂ ಬಿಗಿಯಾಗಿ ಹಿಡಿಯಲಾರದಂತಾಗಿದ್ದವು. ಅವನು ಜೈಲಿನಲ್ಲಿದ್ದಾಗ ಅಂಗಡಿ ಬೇರೆಯವರ ಪಾಲಾಗಿತ್ತು. ಹೆಂಡತಿ ಯಾವ ಊರಿಗೆ ಹೋದಳೋ ತಿಳಿದವರಿಲ್ಲ.

‘ಅಮ್ಮಾ, ಗೆದ್ವಿ ಅಂತ ಎಲ್ಲರೂ ಹೇಳ್ತಿದ್ದಾರೆ,’ ಎಂದ ಅವನು. ‘ನಾನೀಗ ಎಲ್ಲಿಗೆ ಹೋಗ್ಲಿ?’

ಅವನ ದನಿಯಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ದಾರಿ ಕೇಳುತ್ತಿದ್ದ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಕೆಲಸ ತನ್ನದು ಎಂದು ಆಕೆಗೆ ಅನ್ನಿಸತೊಡಗಿದ್ದು ಅಂದಿನಿಂದ. ತಾನು ಕಡತ ಬಿಚ್ಚುವ ಹೊತ್ತಿಗೆ ಆಗಬಾರದ್ದೆಲ್ಲ ಆಗಿ ಹೋಗಿರುತ್ತದೆ. ಠಾಣೆಯ ಮುಚ್ಚಿದ ಕೋಣೆಯಲ್ಲಿ ಮೊದಲ ದಿನ ಏನು ನಡೆಯುತ್ತದೋ ಅದೇ ಕೇಸು; ಉಳಿದದ್ದೆಲ್ಲ ಮಾತು. ಅಷ್ಟರಲ್ಲಿ ಪೊಲೀಸ್ ಇಲಾಖೆಯ ಮೇಲೆ ಬೇರೊಂದು ದೊಡ್ಡ ಆಪಾದನೆ ಬಂದು, ಸುಧಾರಣೆಯ ಹೆಸರಿನಲ್ಲಿ ಅನುಭವಿ ವಕೀಲರನ್ನು ನೇರವಾಗಿ ಮೇಲಿನ ಹುದ್ದೆಗೆ ತೆಗೆದುಕೊಳ್ಳುವುದಾಗಿ ಪ್ರಕಟಣೆ ಹೊರಬಿತ್ತು. ಆಕೆ ಯಾರಿಗೂ ಹೇಳದೆ ಅರ್ಜಿ ಹಾಕಿದಳು. ಆಯ್ಕೆಯಾದ ಮೇಲೆ ಬೆಳಗಿನ ಕಾಫಿಯ ಹೊತ್ತಿನಲ್ಲಿ ಗಂಡನಿಗೆ ತಿಳಿಸಿದಳು. ಅವನು ಮೊದಲು ನಕ್ಕ. ಬಿಡಿಸಿದವರನ್ನೆಲ್ಲ ಮತ್ತೆ ಹಿಡಿಯೋಕೆ ಹೊರಟ್ಯಾ ಎಂದ. ಆಕೆ ನಗದಿದ್ದುದನ್ನು ಕಂಡು ಲೋಟ ಕೆಳಗಿಟ್ಟ.

‘ನನ್ನನ್ನ ಒಂದು ಮಾತು ಕೇಳಬಹುದಿತ್ತು.’

‘ಕೇಳಿದ್ರೆ ಬೇಡ ಅಂತಿದ್ದೆ.’

‘ಅಂತಿದ್ದೆ,’ ಎಂದು ಅವನು ಒಪ್ಪಿಕೊಂಡ. ‘ಅದಕ್ಕಾದ್ರೂ ಕೇಳಬೇಕಿತ್ತು.’

ಅಪ್ಪನಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಆಗಲೇ ನಿವೃತ್ತನಾಗಿದ್ದ ಅವನು ಬಹಳ ಹೊತ್ತು ಷರಟಿನ ಗುಂಡಿ ತಿರುವುತ್ತಾ ಕೂತಿದ್ದ. ಕಡೆಗೆ, ‘ಕೋರ್ಟಲ್ಲಿ ಪೊಲೀಸರಿಗೆ ಕುರ್ಚಿ ಹಾಕಲ್ಲ ಮಗಳೇ. ಅವರು ಬಾಗಿಲ ಹತ್ರ ನಿಂತಿರ್ತಾರೆ,’ ಎಂದಷ್ಟೇ ಹೇಳಿ ಒಳಗೆ ಹೋದ.

ತರಬೇತಿಯಲ್ಲಿ ಆಕೆಗಿಂತ ಹದಿನೈದು ವರ್ಷ ಚಿಕ್ಕವರು ಜೊತೆಗಿದ್ದರು. ಓಟದಲ್ಲಿ ಆಕೆಯೇ ಕೊನೆ. ಕವಾಯತಿನಲ್ಲಿ ಎಡಗಾಲು ಎಂದರೆ ಆಕೆಯ ಬಲಗಾಲು ಏಳುವುದು. ಒಂದು ದಿನ ಕವಾಯತಿನ ಮೇಷ್ಟ್ರು ಸಾಲನ್ನೇ ನಿಲ್ಲಿಸಿ, ‘ಮೇಡಂ, ನಿಮ್ಮ ಎಡಗಾಲು ಯಾವುದು ಅಂತ ಕೋರ್ಟಲ್ಲಿ ತೀರ್ಮಾನ ಆಗೋವರೆಗೆ ನಾವೆಲ್ಲ ಹಿಂಗೇ ನಿಂತಿರಬೇಕಾ?’ ಎಂದು ಕೇಳಿದರು. ಇಡೀ ಸಾಲು ನಕ್ಕಿತು, ಆಕೆಯೂ ನಕ್ಕಳು. ಇಲಾಖೆಯಲ್ಲಿ ಆಕೆಯ ಮುಖದ ಮುಂದೆ ಯಾರಾದರೂ ತಮಾಷೆ ಮಾಡಿದ್ದು ಅದೇ ಮೊದಲು. ಅದೇ ಕೊನೆ ಎಂದು ಆಗ ಗೊತ್ತಾಗಲಿಲ್ಲ.

ಆಕೆಗೆ ಕೊಟ್ಟದ್ದು ಕಚೇರಿಯ ಮೂರನೆಯ ಮಹಡಿಯ ಕೊನೆಯ ಕೋಣೆ. ಕಿಟಕಿಯಿಂದ ಕಾಣುವುದು ಮುಟ್ಟುಗೋಲು ಹಾಕಿದ ವಾಹನಗಳ ಅಂಗಳ. ಮಳೆಯಲ್ಲಿ ನೆಂದು ಬಿಸಿಲಲ್ಲಿ ಒಣಗಿ ಬಣ್ಣಗೆಟ್ಟ ಕಾರುಗಳು, ಟೈರಿನಲ್ಲಿ ಗಾಳಿಯಿಲ್ಲದ ಸೈಕಲ್ಲುಗಳು. ಎದುರಿನ ಕೋಣೆಯಲ್ಲಿ ಹಳೆಯ ಕುರ್ಚಿಗಳನ್ನು ಒಟ್ಟಿದ್ದರು. ಪತ್ತೇದಾರಿ ವಿಭಾಗ ಆಕೆಯ ಕೈಕೆಳಗೆ ಬಂತು. ಅದರ ಮುಖ್ಯಸ್ಥ ಬೇರೆ ಯಾರೂ ಅಲ್ಲ, ಗುಮ್ಮಣ್ಣ. ಇಸ್ತ್ರಿಯವನ ಕೇಸಿನಲ್ಲಿ ಅವನಿಗೆ ಒಂದು ವರ್ಷದ ಬಡ್ತಿ ತಪ್ಪಿತ್ತು, ಅಷ್ಟೇ.

ಮೊದಲ ದಿನ ಅವನು ಬಂದು ಸೆಟೆದು ನಿಂತು ಸೆಲ್ಯೂಟ್ ಹೊಡೆದ. ಆಕೆ ಕುಳಿತುಕೊಳ್ಳಲು ಹೇಳಿದರೂ ಕುಳಿತುಕೊಳ್ಳಲಿಲ್ಲ.

‘ಅವತ್ತು ನೀವು ಕೇಳಿದ್ರಿ, ನಾನು ಹೇಳಿದೆ ಮೇಡಂ,’ ಎಂದ. ‘ಇನ್ನು ಮೇಲೆ ನೀವು ಹೇಳಿ, ನಾನು ಕೇಳ್ತೀನಿ.’

ಹಾಗೆಯೇ ನಡೆದುಕೊಂಡ ಕೂಡ. ಆಕೆ ಹೇಳಿದ್ದನ್ನೆಲ್ಲ ಮಾಡಿಸಿದ. ಅದಕ್ಕಿಂತ ಒಂದು ಕೂದಲೆಳೆಯಷ್ಟೂ ಹೆಚ್ಚು ಮಾಡಲಿಲ್ಲ. ವಿಚಾರಣಾ ಕೋಣೆಗಳ ಬಾಗಿಲಿಗೆ ಗಾಜಿನ ಕಿಂಡಿ ಬಂತು. ಹಿಡಿದು ತಂದವರ ಮನೆಗೆ ಕೂಡಲೇ ಸುದ್ದಿ ಮುಟ್ಟಿಸಬೇಕಾಯಿತು. ಠಾಣೆಯಲ್ಲಿ ವಕೀಲರು ಕೂರಲು ಒಂದು ಬೆಂಚು ಬಂತು. ಆಕೆ ದಿನಾ ಬೆಳಗ್ಗೆ ಲಾಕಪ್ಪಿಗೆ ತಾನೇ ಇಳಿದು ಹೋಗಿ ಒಬ್ಬೊಬ್ಬರನ್ನೂ ಮಾತನಾಡಿಸುವಳು. ಇದರಿಂದ ಶಿಕ್ಷೆಯಾಗುವ ಕೇಸುಗಳು ಮೊದಲ ವರ್ಷ ಕಡಿಮೆಯಾದವು. ಕ್ಯಾಂಟೀನಿನಲ್ಲಿ ಗೊಣಗಾಟ ಶುರುವಾಯಿತು. ಆಕೆ ಒಳಗೆ ಬಂದರೆ ಟೀ ಕೂಡ ತಣ್ಣಗಾಗುತ್ತದೆ ಎಂದು ಯಾರೋ ಹೇಳಿದ್ದು ಆಕೆಯ ಕಿವಿಗೂ ಬಿತ್ತು. ಆಮೇಲೆ ಆಕೆ ಕ್ಯಾಂಟೀನಿಗೆ ಇಳಿಯುವುದನ್ನು ಬಿಟ್ಟು, ಕೋಣೆಯಲ್ಲೇ ಒಂದು ಕೆಟಲ್ ಇಟ್ಟುಕೊಂಡಳು. ಮೂರನೆಯ ವರ್ಷದ ಹೊತ್ತಿಗೆ ಕೋರ್ಟಿಗೆ ಹೋದ ಕೇಸುಗಳು ಮುರಿದು ಬೀಳುವುದು ನಿಂತಿತ್ತು. ಅದನ್ನು ಯಾರೂ ಆಕೆಯ ಲೆಕ್ಕಕ್ಕೆ ಹಾಕಲಿಲ್ಲ.

ವಕೀಲರ ಸಂಘದ ವಾರ್ಷಿಕ ಊಟಕ್ಕೆ ಮೊದಲೆರಡು ವರ್ಷ ಗಂಡನ ಜೊತೆ ಹೋದಳು. ಹಿಂದೆಲ್ಲ ತಡವಾಗಿ ಹೋದರೂ ಎಳೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದವರು ಈಗ ಎದ್ದು ನಿಂತು ಮರ್ಯಾದೆ ಕೊಟ್ಟರು. ಮರ್ಯಾದೆ ಕೊಟ್ಟ ಮೇಲೆ ಮಾತೇನಿರುತ್ತದೆ? ಹವೆ ಚೆನ್ನಾಗಿದೆ ಎಂದರು. ಅವರವರ ಕೇಸಿನ ಒಳಗುಟ್ಟನ್ನು ಪೊಲೀಸಿನವಳ ಮುಂದೆ ಆಡುವಂತಿರಲಿಲ್ಲ. ವಕೀಲರಿಗೆ ಅದು ಬಿಟ್ಟರೆ ಬೇರೆ ಮಾತು ಗೊತ್ತಿಲ್ಲ. ಮೂರನೆಯ ವರ್ಷ ಗಂಡ ಒಬ್ಬನೇ ಹೋಗಿ ಬಂದ. ಆಕೆ ಯಾಕೆ ಬರಲಿಲ್ಲವೆಂದು ಯಾರೂ ಕೇಳಲಿಲ್ಲವಂತೆ. ಅದನ್ನು ಅವನು ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ.

ಗಂಡ ಹೆಂಡಿರು ಜಗಳವಾಡಿದ್ದನ್ನು ಅಕ್ಕಪಕ್ಕದವರು ಒಮ್ಮೆಯೂ ಕೇಳಿಲ್ಲ. ಅವರು ದೂರವಾದದ್ದು ಗೋಡೆಯ ಬಣ್ಣ ಮಾಸಿದ ಹಾಗೆ. ಇಲಾಖೆಯ ಜೀಪು ಮನೆ ಮುಂದೆ ನಿಂತರೆ ತನ್ನ ಕಕ್ಷಿಗಾರರು ಗಾಬರಿಯಾಗುತ್ತಾರೆ, ಮೂಲೆಯಲ್ಲೇ ಇಳಿದುಕೋ ಎಂದು ಅವನು ಕೇಳಿಕೊಂಡ. ಆಕೆ ಮೂಲೆಯಲ್ಲಿ ಇಳಿದು ನಡೆದು ಬಂದಳು. ಆಕೆಯ ಫೋನು ಹೊತ್ತಲ್ಲದ ಹೊತ್ತಿನಲ್ಲಿ ಬಡಿದುಕೊಳ್ಳುತ್ತಿದ್ದುದರಿಂದ ಅವನು ಹಾಸಿಗೆಯನ್ನು ಓದುವ ಕೋಣೆಗೆ ಸಾಗಿಸಿದ. ಕಚೇರಿಯಲ್ಲಿ ಆಕೆಯ ಮೇಜನ್ನು ಒಬ್ಬ ಹೊಸ ವಕೀಲನಿಗೆ ಕೊಟ್ಟ. ಬೇರೆ ಊರಿನಲ್ಲಿ ದೊಡ್ಡದೊಂದು ಆಸ್ತಿ ವ್ಯಾಜ್ಯ ಸಿಕ್ಕಿತು. ವಾರಕ್ಕೊಮ್ಮೆ ಬರುತ್ತಿದ್ದವನು ತಿಂಗಳಿಗೊಮ್ಮೆ ಬಂದ. ಆಮೇಲೆ ಬರೀ ಫೋನು ಮಾಡುತ್ತಿದ್ದ. ವಿಚ್ಛೇದನದ ಮಾತನ್ನು ಇಬ್ಬರೂ ಎತ್ತಲಿಲ್ಲ. ಕಾನೂನು ಬಲ್ಲವರಿಗೆ ಅದರ ಓಡಾಟ ಎಷ್ಟೆಂದು ಗೊತ್ತಿರುತ್ತದೆ.

ಅಪ್ಪ ಆಕೆಯ ಕಚೇರಿಗೆ ಬಂದದ್ದು ಒಂದೇ ಸಲ. ತಾನು ಯಾರೆಂದು ಹೇಳದೆ, ದೂರು ಕೊಡಲು ಬಂದವರ ಸಾಲಿನಲ್ಲಿ, ಕಾರಿಡಾರಿನ ಬೆಂಚಿನ ಮೇಲೆ ಕೂತುಬಿಟ್ಟಿದ್ದ. ಆಕೆ ಯಾವುದೋ ಕೆಲಸಕ್ಕೆ ಹೊರಗೆ ಬಂದಾಗ ಕಂಡಳು. ಎಷ್ಟು ಹೊತ್ತಾಯಿತೆಂದು ಕೇಳಿದರೆ, ತನ್ನ ಸರದಿ ಇನ್ನೂ ಬಂದಿಲ್ಲ ಎಂದ. ಒಳಗೆ ಕರೆದುಕೊಂಡು ಹೋಗಿ ಟೀ ಮಾಡಿ ಕೊಟ್ಟಳು. ಅವನು ಗೋಡೆಗಳನ್ನೂ ಕಿಟಕಿಯಾಚೆಯ ಕೆಟ್ಟ ಕಾರುಗಳನ್ನೂ ನೋಡಿದ.

‘ಇಲ್ಲಿ ಯಾರೂ ನಗಲ್ವಾ?’

‘ಕೋರ್ಟಲ್ಲಿ ನೀವು ನಗ್ತಿದ್ರಾ ಅಪ್ಪಾ?’

‘ಊಟದ ಹೊತ್ತಲ್ಲಿ ನಗ್ತಿದ್ವಿ,’ ಎಂದ. ‘ನೀನು ಯಾರ ಜೊತೆ ಊಟ ಮಾಡ್ತೀಯ?’

ಆಕೆ ಮಾತು ಬದಲಿಸಿದಳು. ಆ ವರ್ಷದ ಚಳಿಗಾಲದಲ್ಲಿ ಅವನು ತೀರಿಕೊಂಡ. ಕೋರ್ಟಿನ ಹಳೆಯ ಗುಮಾಸ್ತರು ತುಂಬ ಜನ ಬಂದಿದ್ದರು. ಇಲಾಖೆಯಿಂದ ಒಂದು ಹೂವಿನ ಗುಚ್ಛ ಬಂತು. ಗುಮ್ಮಣ್ಣ ಅದನ್ನು ತಾನೇ ತಂದು, ಗೇಟಿನ ಹತ್ತಿರ ನಿಂತಿದ್ದು, ಎಲ್ಲರೂ ಹೋದ ಮೇಲೆ ಹೋದ.

ಇಷ್ಟಾದ ಮೇಲೆ, ಆಕೆ ಇಲಾಖೆಗೆ ಸೇರಿ ಒಂಬತ್ತನೆಯ ವರ್ಷ, ಶಾಲೆಗೆ ಹೋದ ಹುಡುಗಿಯೊಬ್ಬಳು ಮನೆಗೆ ಮರಳಲಿಲ್ಲ. ಏಳು ವರ್ಷದ ಮಗು. ತಾಯಿ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆಯವಳು, ತಂದೆ ಇರಲಿಲ್ಲ. ಶಾಲೆಯ ವ್ಯಾನು ಓಡಿಸುತ್ತಿದ್ದು ಕೆಲಸ ಕಳೆದುಕೊಂಡ ಒಬ್ಬನ ಜೊತೆ ಮಗು ನಡೆದು ಹೋದದ್ದನ್ನು ಕಂಡವರಿದ್ದರು. ಮರುದಿನ ಅವನು ಸಿಕ್ಕಿದ. ಬೆಳಗಿನಿಂದ ಕೇಳಿದರೂ ತನಗೆ ಗೊತ್ತಿಲ್ಲ ಎಂದೇ ಹೇಳುತ್ತಿದ್ದ. ಮಧ್ಯಾಹ್ನ ಕಳೆಯಿತು. ಠಾಣೆಯ ಹೊರಗೆ ಜನ ಸೇರಿದ್ದರು. ತಾಯಿ ವಕೀಲರ ಬೆಂಚಿನ ಮೇಲೆ, ಮಗುವಿನ ಸ್ವೆಟರನ್ನು ತೊಡೆಯ ಮೇಲೆ ಮಡಿಸುತ್ತಾ ಬಿಚ್ಚುತ್ತಾ ಕೂತಿದ್ದಳು.

ಬ್ಯಾರಿಸ್ಟರಮ್ಮ ವಿಚಾರಣಾ ಕೋಣೆಯ ಕಡೆ ಬಂದು, ತಾನೇ ಹಾಕಿಸಿದ ಕಿಂಡಿಯಿಂದ ಒಳಗೆ ನೋಡಿದಳು. ಗುಮ್ಮಣ್ಣ ವ್ಯಾನಿನವನ ತೋಳನ್ನು ಬೆನ್ನಿಗೆ ತಿರುಚಿ, ಮುಖವನ್ನು ಮೇಜಿಗೆ ಒತ್ತಿ ಹಿಡಿದಿದ್ದ. ಮೇಲೆತ್ತಿ ಹೊಡೆದ. ಮತ್ತೆ ಒತ್ತಿದ. ಆಕೆಯ ಕೈ ಬಾಗಿಲ ಹಿಡಿಯ ಮೇಲಿತ್ತು. ಅವನು ಇನ್ನೊಮ್ಮೆ ಹೊಡೆದ. ವ್ಯಾನಿನವನ ತುಟಿ ಅಲ್ಲಾಡಿದ್ದು ಕಂಡಿತು. ಆಗ ಆಕೆ ಬಾಗಿಲು ತೆರೆದಳು. ಗುಮ್ಮಣ್ಣ ಆಕೆಯನ್ನು ತಳ್ಳಿಕೊಂಡೇ ಹೊರಗೆ ಓಡಿದ. ‘ಹಳೇ ಪಂಪ್‌ಹೌಸು’ ಎಂದದ್ದು ಮಾತ್ರ ಕೇಳಿಸಿತು.

ಕತ್ತಲಾಗುವ ಮೊದಲೇ ಮಗು ಸಿಕ್ಕಿತು. ಬಾಯಾರಿ ಬಳಲಿತ್ತು, ಜೀವಂತವಾಗಿತ್ತು. ಗುಮ್ಮಣ್ಣ ಅದನ್ನು ಹೆಗಲ ಮೇಲೆ ಮಲಗಿಸಿಕೊಂಡು ಠಾಣೆಯ ಮೆಟ್ಟಿಲು ಹತ್ತಿದ. ಮಕ್ಕಳು ಹೆದರುವ ಆ ಮನುಷ್ಯನ ಕತ್ತನ್ನು ಮಗು ಬಿಗಿಯಾಗಿ ತಬ್ಬಿಕೊಂಡಿತ್ತು. ಜನ ಚಪ್ಪಾಳೆ ತಟ್ಟಿದರು. ಬ್ಯಾರಿಸ್ಟರಮ್ಮ ಆ ಹೊತ್ತಿನಲ್ಲಿ ವೈದ್ಯನನ್ನು ಕರೆಸಿ ವ್ಯಾನಿನವನ ಮುರಿದ ತೋಳು ಕಟ್ಟಿಸುತ್ತಿದ್ದಳು. ಅಂದೇ ಕಮಿಷನರ್ ಬಳಿ ಹೋಗಿ ತಾನು ಕಂಡದ್ದನ್ನು ಹೇಳಿದಳು. ಊರೆಲ್ಲ ಗುಮ್ಮಣ್ಣನನ್ನು ಹೊತ್ತು ಮೆರೆಸುತ್ತಿರುವಾಗ ಇದನ್ನು ಎತ್ತುವುದು ಬೇಡ, ಮುಂದೆ ಯಾರಾದರೂ ಕೇಳಿದರೆ ನೋಡೋಣ ಎಂದರು ಅವರು. ಆಕೆ ಹೆಚ್ಚು ಹಟ ಮಾಡಲಿಲ್ಲ. ಮಗುವಿನ ತಾಯಿಯ ಮುಖ ಆಕೆಗೂ ಕಣ್ಣ ಮುಂದೆ ಇತ್ತು.

ಕೇಳುವವನು ಬಂದ. ವ್ಯಾನಿನವನ ಪರ ನಿಂತ ವಕೀಲ ಒಂದು ಕಾಲಕ್ಕೆ ಆಕೆಯ ಕೈಯಲ್ಲೇ ಪಳಗಿದವನು, ಆಕೆಯ ಕಡತ ಹೊತ್ತು ಹಿಂದೆ ಹಿಂದೆ ಓಡಾಡಿದವನು. ತೋಳು ಮುರಿದದ್ದು ಹೇಗೆಂದು ಅವನು ಎಳೆ ಹಿಡಿದು, ಆಕೆಯನ್ನೇ ಸಾಕ್ಷಿಗೆ ಕರೆಸಿದ. ಕಮಿಷನರ್ ಆಕೆಯನ್ನು ಕರೆದು ಬಾಗಿಲು ಹಾಕಿಸಿ, ಆಕೆ ಬಾಗಿಲು ತೆಗೆಯುವ ಹೊತ್ತಿಗೆ ಎಲ್ಲ ಮುಗಿದಿತ್ತು ಎಂದು ಹೇಳಿದರೆ ಅದು ಸುಳ್ಳೂ ಆಗುವುದಿಲ್ಲವಲ್ಲ ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಆಕೆ ಅಲ್ಲಿಂದ ಸೀದಾ ಗುಮ್ಮಣ್ಣನ ಮೇಜಿಗೆ ಹೋದಳು. ಅವನು ಎದ್ದು ನಿಂತ.

‘ಕಂಡದ್ದನ್ನ ಹೇಳ್ತೀನಿ. ಮೊದಲೇ ನಿಮಗೆ ತಿಳಿಸೋಣ ಅಂತ ಬಂದೆ.’

‘ಆ ಮಗು ನಿಮ್ಮದಾಗಿದ್ರೆ, ಮೇಡಂ?’

‘ನನ್ನದಾಗಿದ್ರೆ ನಾನೇ ಹೊಡೀತಿದ್ದೆ. ಅದಕ್ಕೇ ಆ ಕೋಣೆಗೆ ತಾಯಂದಿರನ್ನ ಬಿಡಲ್ಲ.’

‘ರಿಟೈರಾಗೋಕೆ ಇನ್ನು ಎರಡು ವರ್ಷ ಇತ್ತು ನಂದು,’ ಎಂದ ಅವನು.

ಕೋರ್ಟು ಕಿಕ್ಕಿರಿದಿತ್ತು. ಎಷ್ಟೋ ಪೊಲೀಸರ ಬೆವರಿಳಿಸಿದ ಆಕೆ ಅದೇ ಕಟಕಟೆ ಹತ್ತಿ ನಿಂತಳು. ಅಲ್ಲಿಂದ ನೋಡಿದರೆ ಕೋಣೆ ಬೇರೆಯಾಗಿಯೇ ಕಾಣುತ್ತಿತ್ತು: ಎಲ್ಲ ಮುಖಗಳೂ ಒಂದೇ ಕಡೆ ತಿರುಗಿದ್ದವು. ಹಿಂದಿನ ಸಾಲಿನಲ್ಲಿ ಪತ್ತೇದಾರಿ ವಿಭಾಗದವರೆಲ್ಲ ಕೈಕಟ್ಟಿ ಕೂತಿದ್ದರು. ಹಳೆಯ ಶಿಷ್ಯ ಎದ್ದು, ಕಿಂಡಿಯಿಂದ ಏನು ಕಂಡಿರಿ ಎಂದು ಕೇಳಿದ. ಆಕೆ ಹೇಳಿದಳು. ಎಷ್ಟು ಹೊಡೆತ, ಯಾವ ಕೈಯಿಂದ, ತೋಳು ಯಾವ ಕಡೆಗೆ ತಿರುಗಿತ್ತು, ಎಲ್ಲವನ್ನೂ ಸಲೀಸಾಗಿ ಹೇಳಿದಳು. ಅವನಿಗೆ ಬೇಕಾದದ್ದು ಸಿಕ್ಕಿತ್ತು. ಅಲ್ಲಿಗೆ ಕೂತಿದ್ದರೆ ಆಗುತ್ತಿತ್ತು. ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಬೇಡ ಎಂದು ಅವನಿಗೆ ಕಲಿಸಿದವಳು ಆಕೆಯೇ. ಅವನು ಕೇಳಿದ.

‘ಮೊದಲ ಏಟು ಕಂಡ ಕೂಡಲೇ ಬಾಗಿಲು ತೆಗೆದ್ರಾ?’

‘ಇಲ್ಲ.’

‘ಬಾಗಿಲಿಗೆ ಬೀಗ ಇತ್ತಾ?’

‘ಇರಲಿಲ್ಲ. ನನ್ನ ಕೈ ಹಿಡಿಯ ಮೇಲೇ ಇತ್ತು.’

‘ಮತ್ತೆ ಯಾಕೆ ತೆಗೀಲಿಲ್ಲ?’

ಆಕೆ ನ್ಯಾಯಾಧೀಶರ ಕಡೆ ತಿರುಗಿದಳು. ಸಾಕ್ಷಿ ಹೇಳುವವರು ಹಾಗೆ ತಿರುಗಿ ಹೇಳಬೇಕೆಂಬುದು ನಿಯಮ.

‘ಅವನು ಹೇಳಿಬಿಡ್ತಾನೇನೋ ಅಂತ ಕಾದೆ,’ ಎಂದಳು. ‘ಹೇಳಿದ. ಆಮೇಲೆ ತೆಗೆದೆ.’

ಶಿಷ್ಯ ಕುಳಿತ. ಕೈಯಲ್ಲಿದ್ದ ಕಾಗದವನ್ನು ಮೇಜಿನ ಮೇಲಿಡುವುದನ್ನೇ ಮರೆತಿದ್ದ.

ವ್ಯಾನಿನವನ ಹೇಳಿಕೆಯನ್ನು ಕೋರ್ಟು ತಳ್ಳಿಹಾಕಿತು. ಆದರೂ ಮಗು ತಾನೇ ಅವನನ್ನು ಗುರುತಿಸಿದ್ದರಿಂದ ಅವನಿಗೆ ಶಿಕ್ಷೆ ತಪ್ಪಲಿಲ್ಲ. ಗುಮ್ಮಣ್ಣನನ್ನು ಇಲಾಖೆಯಿಂದ ತೆಗೆದುಹಾಕಿದರು. ಬ್ಯಾರಿಸ್ಟರಮ್ಮನಿಗೆ ಛೀಮಾರಿ ಬಂತು, ಮುಂದಿನ ಕಮಿಷನರ್ ಆಗುವ ದಾರಿ ಮುಚ್ಚಿತು. ಕೆಲಸ ಬಿಡುತ್ತಾಳೆಂದು ಎಲ್ಲರೂ ಎಣಿಸಿದ್ದರು. ಆಕೆ ಸಾಕ್ಷಿ ಹೇಳಿದ ದಿನ ಸಂಜೆಯೇ ದೂರದ ಊರಿನಿಂದ ಗಂಡ ಫೋನು ಮಾಡಿದ. ಸುದ್ದಿ ತಿಳಿಯಿತು ಎಂದ. ನಿನ್ನ ಶಿಷ್ಯ ಒಂದು ಪ್ರಶ್ನೆ ಹೆಚ್ಚಿಗೆ ಕೇಳಿದ ಎಂದ, ಆಕೆ ಹೌದೆಂದಳು. ಕೊನೆಗೆ ಅವನು, ‘ಊಟ ಆಯ್ತಾ?’ ಎಂದು ಕೇಳಿದ. ‘ಆಗಬೇಕು,’ ಎಂದಳು.

ಗುಮ್ಮಣ್ಣನನ್ನು ತೆಗೆದುಹಾಕಿ ಒಂದು ವಾರವಾದ ಮೇಲೆ ಮಗುವಿನ ತಾಯಿ ಮೂರನೆಯ ಮಹಡಿ ಹತ್ತಿ ಬಂದಳು. ಕೂಗಾಡಲಿಲ್ಲ. ಕಾರ್ಖಾನೆಯಿಂದ ನೇರವಾಗಿ ಬಂದಿದ್ದಳು. ತೋಳಿಗೆ ದಾರದ ಎಳೆಗಳು ಅಂಟಿದ್ದವು.

‘ನನ್ನ ಮಗಳು ಬದುಕಿದ್ದಾಳೆ,’ ಎಂದಳು. ‘ಅವಳನ್ನ ಉಳಿಸಿದೋರನ್ನ ನೀವು ಮನೆಗೆ ಕಳಿಸಿದ್ರಿ. ಅದು ಸರೀನಾ ಅಂತ ಕೇಳೋಕೆ ಬಂದೆ. ನಿಮಗೆ ಕಾನೂನು ಗೊತ್ತು, ನಂಗೆ ಗೊತ್ತಿಲ್ಲ.’

ಆಕೆ ಕುಳಿತುಕೊಳ್ಳಿ ಎಂದಳು. ತಾಯಿ ಕುಳಿತುಕೊಳ್ಳದೆ, ಸ್ವಲ್ಪ ಹೊತ್ತು ಉತ್ತರಕ್ಕಾಗಿ ನಿಂತಿದ್ದು, ಹೊರಟುಹೋದಳು.

ಬ್ಯಾರಿಸ್ಟರಮ್ಮ ಕೆಲಸ ಬಿಡಲಿಲ್ಲ. ಎಲ್ಲಿಗೆ ಹೋಗಬೇಕಿತ್ತು? ಇನ್ನೂ ಹನ್ನೊಂದು ವರ್ಷ ಅದೇ ಕೋಣೆಯಲ್ಲಿ ಕುಳಿತಳು. ಬೆಳಗ್ಗೆ ಲಾಕಪ್ಪಿಗೆ ಇಳಿಯುವುದು ಒಂದು ದಿನವೂ ತಪ್ಪಲಿಲ್ಲ. ಲಾಕಪ್ಪಿನವರು ಮಾತ್ರ ಆಕೆಯೊಡನೆ ಮನಸ್ಸು ಬಿಚ್ಚಿ ಮಾತನಾಡುತ್ತಿದ್ದರು; ತಮ್ಮ ಕಾಯಿಲೆ, ಮಕ್ಕಳ ಓದು, ಜಾಮೀನು ಕೊಡದ ಭಾವಮೈದುನ, ಎಲ್ಲವನ್ನೂ ಹೇಳಿಕೊಳ್ಳುವರು. ಹಳೆಯ ಕಳ್ಳನೊಬ್ಬನಂತೂ ಪ್ರತಿ ಸಲ ಸಿಕ್ಕಿಬಿದ್ದಾಗಲೂ, ‘ಏನಮ್ಮಾ, ಸೊರಗಿದ್ದೀರಲ್ಲ,’ ಎಂದು ವಿಚಾರಿಸುತ್ತಿದ್ದ. ಮೇಲಿನ ಮಹಡಿಗಳಲ್ಲಿ ಯಾರೂ ಆಕೆಗೆ ಅಡ್ಡ ಬರಲಿಲ್ಲ, ಜೊತೆಯೂ ಬರಲಿಲ್ಲ. ಹೊಸದಾಗಿ ಸೇರಿದವರು ಕಿಂಡಿ ಇಲ್ಲದ ವಿಚಾರಣಾ ಕೋಣೆಯನ್ನು ಕಂಡೇ ಇರಲಿಲ್ಲ; ಅದು ಮೊದಲಿನಿಂದ ಇದ್ದದ್ದೇ ಎಂದು ತಿಳಿದಿದ್ದರು. ಬೀಳ್ಕೊಡುಗೆಯ ದಿನ ಭಾಷಣಗಳು ಬೇಗ ಮುಗಿದವು. ಕೆಟಲನ್ನು ಆಕೆ ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದಳು. ಗಂಡ ಅಷ್ಟರಲ್ಲಿ ಆ ಊರಿನಲ್ಲೇ ನೆಲೆಯೂರಿದ್ದ. ಆಕೆಯ ಹುಟ್ಟಿದ ದಿನಕ್ಕೆ ತಪ್ಪದೆ ಫೋನು ಮಾಡುತ್ತಿದ್ದ.

ನಿವೃತ್ತಿಯಾಗಿ ಕೆಲವು ವರ್ಷಗಳ ಮೇಲೆ ಆಕೆಯ ಕಣ್ಣಿಗೆ ಪೊರೆ ಬಂತು. ಶಸ್ತ್ರಚಿಕಿತ್ಸೆಯಾದ ಬೆಳಗ್ಗೆ ಕಣ್ಣಿನ ಆಸ್ಪತ್ರೆಯ ಉದ್ದನೆಯ ಹಾಲಿನಲ್ಲಿ, ಒಂದು ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದಾಗ ಪಕ್ಕದ ಕುರ್ಚಿ ಕಿರುಗುಟ್ಟಿತು. ಆರಡಿ ಮೀರಿದ ಆಳು. ಈಗ ಬೆನ್ನು ಬಾಗಿತ್ತು. ಅವನಿಗೂ ಒಂದು ಕಣ್ಣಿಗೆ ಬಟ್ಟೆ. ಉಳಿದ ಒಂದೊಂದು ಕಣ್ಣಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಗುರುತು ಹಿಡಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅವನು ಏಳಲು ಹೋದ. ಆಕೆ ಅವನ ತೋಳು ಹಿಡಿದು ಕೂರಿಸಿದಳು.

‘ಎಡಗಣ್ಣೇನು ಮೇಡಂ?’

‘ಹೌದು. ನಿಮ್ಮದು?’

‘ಬಲಗಣ್ಣು. ಇಬ್ಬರದೂ ಸೇರಿದ್ರೆ ಒಬ್ಬ ಮನುಷ್ಯ ಆಯ್ತು ಬಿಡಿ.’

ಆಕೆ ನಕ್ಕಳು. ಅವನು ಯಾವುದೋ ಗೋದಾಮಿನಲ್ಲಿ ಕಾವಲುಗಾರರ ಮೇಲ್ವಿಚಾರಕನಾಗಿ ಹತ್ತು ವರ್ಷ ದುಡಿದನಂತೆ. ಹೆಂಡತಿ ಹೋಗಿ ಮೂರು ವರ್ಷ. ಈಗ ಮಗ-ಸೊಸೆಯರ ಜೊತೆ ಇದ್ದಾನಂತೆ. ಪಂಪ್‌ಹೌಸಿನಲ್ಲಿ ಸಿಕ್ಕ ಆ ಹುಡುಗಿ ಈಗ ದೊಡ್ಡವಳಾಗಿ ನರ್ಸ್ ಕೆಲಸ ಮಾಡುತ್ತಾಳೆ, ಆಗೀಗ ತನ್ನನ್ನು ನೋಡಲು ಬರುತ್ತಾಳೆ ಎಂದ. ಹಾಗೆಂದ ಮೇಲೆ, ನಿಮ್ಮ ಹತ್ರ ಬರ್ತಾಳಾ ಎಂದು ಕೇಳಿದ. ಆಕೆ ಇಲ್ಲವೆಂದು ತಲೆಯಾಡಿಸಿದಳು. ಆಕೆಯ ಮೇಲೆ ತನಗೆ ಎಷ್ಟೋ ದಿನ ಕೋಪವಿತ್ತು ಎಂದು ಕೆಲ ಹೊತ್ತಿನ ಮೇಲೆ ತಾನಾಗಿ ಹೇಳಿದ. ಈಗ ಇಲ್ಲವೇ ಎಂದು ಆಕೆ ಕೇಳಿದಳು. ‘ಇದೆ. ಆದ್ರೆ ಹಳೇದಾಗಿದೆ,’ ಎಂದ.

ಆಸ್ಪತ್ರೆಯ ನರ್ಸ್ ಬಂದು, ಮನೆಗೆ ಕರೆದುಕೊಂಡು ಹೋಗಲು ಆಕೆಯ ಜೊತೆ ಯಾರು ಬಂದಿದ್ದಾರೆ ಎಂದು ಕೇಳಿದಳು. ಯಾರೂ ಇಲ್ಲ ಎಂದಾಗ ಹಾಗೆಲ್ಲ ಒಬ್ಬರನ್ನೇ ಕಳಿಸಲು ಬರುವುದಿಲ್ಲ ಎಂದಳು. ಗುಮ್ಮಣ್ಣ, ‘ನಾನಿದ್ದೀನಲ್ಲ,’ ಎಂದ. ನೀವೇ ರೋಗಿ ತಾತ ಎಂದು ನರ್ಸ್ ಗದರಿಸಿದಳು. ಕೊನೆಗೆ ಅವನನ್ನು ಕರೆದೊಯ್ಯಲು ಬಂದ ಸೊಸೆ ಇಬ್ಬರನ್ನೂ ಟ್ಯಾಕ್ಸಿಯಲ್ಲಿ ಕೂರಿಸಿಕೊಂಡಳು. ಯಾರು ಮಾವ ಇವರು ಎಂದು ಸೊಸೆ ಕೇಳಿದ್ದಕ್ಕೆ, ‘ಒಟ್ಟಿಗೆ ಕೆಲಸ ಮಾಡಿದೋರು,’ ಎಂದು ಹೇಳಿ ಅವನು ಕಿಟಕಿಯಾಚೆ ನೋಡುತ್ತಾ ಕುಳಿತ.

ಬ್ಯಾರಿಸ್ಟರಮ್ಮನ ಮನೆ ಬಂತು. ಸೊಸೆ ಇಳಿದು ಕೈಹಿಡಿದು ಮೆಟ್ಟಿಲವರೆಗೂ ಬಂದಳು. ಮುಚ್ಚಿದ ಕಿಟಕಿಗಳನ್ನು ನೋಡಿ, ಕಣ್ಣಿಗೆ ಔಷಧಿ ಹಾಕಲು ಒಳಗೆ ಯಾರಾದರೂ ಇದ್ದಾರಾ ಎಂದು ಕೇಳಿದಳು. ಟ್ಯಾಕ್ಸಿಯಲ್ಲಿ ಗುಮ್ಮಣ್ಣ ಒಂದೇ ಕಣ್ಣಿನಿಂದ ಇತ್ತ ನೋಡುತ್ತಿದ್ದ.

‘ಇದ್ದಾರಮ್ಮ,’ ಎಂದಳು ಆಕೆ. ‘ನೀವು ಹೊರಡಿ, ನಿಮ್ಮ ಮಾವನಿಗೆ ಊಟದ ಹೊತ್ತಾಯ್ತು.’

ಟ್ಯಾಕ್ಸಿ ಮೂಲೆ ತಿರುಗುವವರೆಗೂ ನಿಂತಿದ್ದು, ಬೀಗ ತೆಗೆದು ಒಳಗೆ ಹೋದಳು. ಸಂಜೆ ಕಣ್ಣಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಕುರ್ಚಿಯ ಬೆನ್ನಿಗೆ ತಲೆ ಆನಿಸಿ, ಔಷಧಿಯ ಸೀಸೆಯನ್ನು ಕಣ್ಣ ಮೇಲೆ ಹಿಡಿದಳು. ಮೊದಲ ಹನಿ ಕೆನ್ನೆಗೆ ಬಿತ್ತು, ಎರಡನೆಯದು ಕಿವಿಯ ಕಡೆಗೆ ಹರಿಯಿತು. ಮತ್ತೆ ಹಿಡಿದಳು. ಈ ಸಲ ಕಣ್ಣಿಗೇ ಬಿತ್ತು. ಸುಡುವುದು ನಿಲ್ಲುವವರೆಗೆ ಹಾಗೆಯೇ ಕೂತಿದ್ದಳು.